ಅದೇ ಸಾಲು, ಮತ್ತೆ ಮತ್ತೆ

ಅಮೆರಿಕದ ಟೆರ್ರಿ ರೈಲಿ 1964ರಲ್ಲಿ ರಚಿಸಿದ ‘ಇನ್ ಸಿ’ ಇಂದಿಗೂ ಕಛೇರಿಗಳಲ್ಲಿ ಮೊಳಗುತ್ತದೆ. ಅದರಲ್ಲಿರುವುದು 53 ಪುಟ್ಟ ಸ್ವರಗುಚ್ಛಗಳು ಮಾತ್ರ. ವಾದಕರು ಅವನ್ನು ಕ್ರಮವಾಗಿ ನುಡಿಸಬೇಕು. ಯಾವುದನ್ನು ಎಷ್ಟು ಸಲ ಎಂಬುದು ಅವರವರ ಇಷ್ಟ. ನುಡಿಸಿದ್ದನ್ನೇ ನುಡಿಸುವುದೂ ಒಂದು ಸಂಗೀತವೇ ಎಂದು ಮೂಗುಮುರಿಯುವವರಿದ್ದಾರೆ. ಕರಾವಳಿಯಲ್ಲಿ ಹೆಬಳೆಯಿಂದ ಕುಮಟೆಯವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವರು ಹಾಗೆ ಕೇಳಬಾರದು. 1934ರಲ್ಲಿ ಹುಟ್ಟಿದ, ಹೊನ್ನಾವರದ ಗುಣವಂತೆಯ ಕೆರೆಮನೆ ಮೇಳವನ್ನೇ ನೆನೆಯಿರಿ. ಭಾಗವತರು ಪದ್ಯದ ಒಂದೇ ಸಾಲನ್ನು ತಿರುತಿರುಗಿ ಹಾಡುತ್ತಾರೆ. ವೇಷಧಾರಿ ಅದನ್ನೇ ಒಮ್ಮೆ ಕಣ್ಣಲ್ಲಿ, ಒಮ್ಮೆ ಕೈಯಲ್ಲಿ, ಇನ್ನೊಮ್ಮೆ ಹೆಜ್ಜೆಯಲ್ಲಿ ತೋರಿಸುತ್ತಾನೆ. ಮದ್ದಳೆಯ ಪೆಟ್ಟು ಒಂಚೂರು ಬದಲಾದರೂ ಸಾಲಿನ ಭಾವ ಬೇರೆಯಾಗುತ್ತದೆ.

‘ಅಲ್ಲಿ ಕಥೆಯಿದೆ, ಅಭಿನಯವಿದೆ, ಬರೀ ಸ್ವರದಲ್ಲೇನಿದೆ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರಕ್ಕೆ ಘಟ್ಟ ಹತ್ತಿ ಧಾರವಾಡದ ಕಡೆ ನೋಡಬೇಕು. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರಿಂದ ಕಲಿತ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಒಂದೊಂದು ಸ್ವರದ ಮೇಲೂ ನಿಂತು, ಅವಸರವಿಲ್ಲದೆ ರಾಗ ಬೆಳೆಸಿದವರು. ಅದೇ ಘರಾನೆಯ ಇನ್ನೊಂದು ಕವಲಿನ ಪಂಡಿತ್ ಪ್ರಾಣನಾಥರಿಗೆ ರೈಲಿ 1970ರಲ್ಲಿ ಶಿಷ್ಯರಾದರು. ಹಾಗೆಂದು ‘ಇನ್ ಸಿ’ ನಮ್ಮಿಂದ ಹೋದದ್ದೆಂದು ಬೀಗುವಂತಿಲ್ಲ; ಅದು ಆರು ವರ್ಷ ಮೊದಲೇ ಹುಟ್ಟಿತ್ತು. ವ್ಯತ್ಯಾಸವೂ ಸಣ್ಣದಲ್ಲ. ರಾಗದ ವಿಸ್ತಾರ ಒಬ್ಬ ಗಾಯಕನ ಮನೋಧರ್ಮಕ್ಕೆ ಬಿಟ್ಟದ್ದು. ‘ಇನ್ ಸಿ’ಯಲ್ಲಿ ಹತ್ತಾರು ವಾದಕರು ಒಬ್ಬರಿಗೊಬ್ಬರು ಕಿವಿಗೊಟ್ಟೇ ಮುಂದೆ ಸಾಗಬೇಕು. ಒಬ್ಬ ಇನ್ನೂ ಬಿಡದ ಸ್ವರಗುಚ್ಛ ಮತ್ತೊಬ್ಬ ಎತ್ತಿಕೊಂಡ ಹೊಸದರೊಡನೆ ಬೆರೆತಾಗ, ಹಾಳೆಯ ಮೇಲೆ ಯಾರೂ ಬರೆದಿಡದ ಸಂಗೀತ ಹುಟ್ಟುತ್ತದೆ. ಅದೂ ಪ್ರತಿ ಕಛೇರಿಯಲ್ಲಿ ಬೇರೆಬೇರೆ.