ಫೋಟೋ ಹಾಕಿ ಮಾನ ಕಳೆದ್ರೆ ಅಭ್ಯಾಸ ಬದಲಾಗುತ್ತಾ?

ಇವತ್ತು ಕಸದ ಬಗ್ಗೆ ಮಾತಾಡೋಣ. ಸ್ಕಿಪ್ ಮಾಡ್ಬೇಡಿ, ಪ್ಲೀಸ್. ನಿಜವಾದ ವಿಷಯ ಬೇರೆ ಇದೆ: ಇನ್ನೊಬ್ಬರ ಅಭ್ಯಾಸ ಬದಲಿಸೋಕೆ ಹೊರಟಾಗ ನಾವು ಎಲ್ಲಿವರೆಗೆ ಹೋಗಬಹುದು?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನವರು ಕಸ ವಿಂಗಡಣೆಗೆ ಒಂದು ಪ್ಲಾನ್ ಮಾಡಿಕೊಡಿ ಅಂತ ನನ್ನನ್ನ ಕರೆದಿದ್ರು. ಮೊದಲ ಮೀಟಿಂಗ್‌ನಲ್ಲೇ ಒಬ್ಬ ಅಂಕಲ್ ಹೇಳಿದ್ರು, "ಬೆರೆಸಿ ಹಾಕೋರ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕೋಣ. ಒಂದೇ ವಾರದಲ್ಲಿ ಸರಿಹೋಗ್ತಾರೆ." ಅರ್ಧ ಜನ ತಲೆಯಾಡಿಸಿದ್ರು. ನಾನು ಕೇಳಿದೆ, "ಸರ್, ಆ ಫೋಟೋದಲ್ಲಿ ಸಿಗೋದು ಯಾರು?"

ಬಹಳ ಮನೆಗಳಲ್ಲಿ ಬಕೆಟ್ ಕೆಳಗೆ ತರೋದು ಮನೆಕೆಲಸದ ಅಕ್ಕ. ಕಸ ಬೆರೆಸಿದ್ದು ಮನೆಯವರು, ಮಾನ ಹೋಗೋದು ಅವರದು.

ಹಾಗಂತ ಸುಮ್ಮನಿರೋದೂ ನ್ಯಾಯ ಅಲ್ಲ. ಒಡೆದ ಗಾಜು, ಬಳಸಿದ ಪ್ಯಾಡ್, ಹಳಸಿದ ಅನ್ನ ಒಂದೇ ಕವರ್‌ನಲ್ಲಿ ಬಂದ್ರೆ ಅದಕ್ಕೆ ಕೈ ಹಾಕೋರು ಪೌರಕಾರ್ಮಿಕರು. ಮನೆಯಲ್ಲೇ ವಿಂಗಡಿಸಬೇಕು ಅಂತ 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳೇ ಹೇಳಿದ್ವು. ಗುರಿ ಸರಿಯಾಗಿದೆ. ದಾರಿ ಸರಿಯಾಗಿದೆಯಾ ಅನ್ನೋದು ಪ್ರಶ್ನೆ.

ಅದಕ್ಕೆ ನಾನು ನಾಲ್ಕು ಪ್ರಶ್ನೆ ಇಟ್ಕೊಂಡೆ.

ಒಂದು, ಜನ ಯಾಕೆ ಹಾಗೆ ಮಾಡ್ತಾರೆ? ಮನೆಮನೆಗೆ ಹೋಗಿ ಕೇಳಿದ್ವಿ. "ಅಡುಗೆಮನೆಯಲ್ಲಿ ಇನ್ನೊಂದು ಬಕೆಟ್ ಇಡೋಕೆ ಜಾಗ ಇಲ್ಲ." "ಗಾಡಿಯವರು ಎಲ್ಲಾ ಒಟ್ಟಿಗೇ ಸುರೀತಾರಲ್ಲ, ನಾವ್ಯಾಕೆ ಕಷ್ಟಪಡ್ಬೇಕು?" "ನಮಗೆ ಯಾರೂ ಹೇಳ್ಕೊಟ್ಟೇ ಇಲ್ಲ." ಈ ಮೂರರಲ್ಲಿ ಯಾವುದಕ್ಕೂ ಅವಮಾನ ಮದ್ದಲ್ಲ. ಜಾಗ ಬೇಕು, ಗಾಡಿಯವರ ಜೊತೆ ಮಾತು ಬೇಕು, ಚಿತ್ರ ಇರೋ ಒಂದು ಚೀಟಿ ಬೇಕು.

ಎರಡು, ಲಾಭ ಯಾರ ಖಾತೆಗೆ, ಖರ್ಚು ಯಾರ ಖಾತೆಗೆ? ಬಿಕಾಂ ಬುದ್ಧಿ, ಬಿಡಲ್ಲ. ಹೆಸರು ಬರೋದು ಅಸೋಸಿಯೇಷನ್‌ಗೆ, ದಿನಾ ಹೆಚ್ಚು ಕೆಲಸ ಬೀಳೋದು ಮನೆಕೆಲಸದವರಿಗೆ. ಹಾಗಿದ್ರೆ ಅವರೂ ಮೀಟಿಂಗ್‌ನಲ್ಲಿ ಇರಬೇಕು, ಪೌರಕಾರ್ಮಿಕರೂ ಇರಬೇಕು. ಬರೀ ಕೂರಿಸೋದಲ್ಲ, ಅವರು ಬೇಡ ಅಂದಿದ್ದು ಪ್ಲಾನ್‌ನಿಂದ ಹೋಗಬೇಕು.

ಮೂರು, ನಮ್ಮ ಉಪಾಯವನ್ನ ಅವರ ಮುಂದೆಯೇ ಹೇಳೋಕೆ ಆಗುತ್ತಾ? ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರ 'ನಡ್ಜ್' ಪುಸ್ತಕದಲ್ಲಿ ಇದೇ ಪರೀಕ್ಷೆ ಕೊಡ್ತಾರೆ. ಮೂಲ ಆಲೋಚನೆ ತತ್ವಜ್ಞಾನಿ ಜಾನ್ ರಾಲ್ಸ್ ಅವರದು. ಬಹಿರಂಗವಾಗಿ ಹೇಳಿ ಸಮರ್ಥಿಸೋಕೆ ಆಗದ ಉಪಾಯ ಮಾಡಬೇಡಿ, ಅಷ್ಟೇ. "ಬಕೆಟನ್ನ ಕಣ್ಣಿಗೆ ಬೀಳೋ ಕಡೆ ಇಟ್ಟಿದ್ದೀವಿ, ಮರೀಬಾರದು ಅಂತ" ಅಂದ್ರೆ ಯಾರೂ ಬೇಜಾರಾಗಲ್ಲ. "ನಿಮಗೆ ಗೊತ್ತಾಗದ ಹಾಗೆ ಫೋಟೋ ತೆಗೀತಿದ್ದೀವಿ" ಅಂತ ಹೇಳಿ ನೋಡಿ!

ನಾಲ್ಕು, ಒಳ್ಳೇದು ಮಾಡೋಕೆ ಹೋಗಿ ಕೆಟ್ಟದ್ದಾದ್ರೆ ನಮಗೆ ಗೊತ್ತಾಗುತ್ತಾ? ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಸುಮಾರು 300 ಮನೆಗಳಿಗೆ, ನೆರೆಹೊರೆಗೆ ಹೋಲಿಸಿದ್ರೆ ನೀವೆಷ್ಟು ಕರೆಂಟ್ ಬಳಸ್ತೀರಿ ಅಂತ ಚೀಟಿ ಕೊಟ್ರು. 2007ರಲ್ಲಿ ಪ್ರಕಟವಾದ ಅಧ್ಯಯನ ಇದು. ಜಾಸ್ತಿ ಬಳಸೋರು ಕಡಿಮೆ ಮಾಡಿದ್ರು. ಆದ್ರೆ ಮೊದಲೇ ಕಡಿಮೆ ಬಳಸ್ತಿದ್ದೋರು ಜಾಸ್ತಿ ಮಾಡಿಬಿಟ್ರು! ಚೀಟಿ ಮೇಲೆ ಒಂದು ನಗುಮುಖ ಬರೆದಾಗ ಅವರು ಮೊದಲಿನ ಹಾಗೇ ಉಳಿದ್ರು. ಅಳತೆ ಮಾಡದೇ ಇದ್ದಿದ್ರೆ ಇದು ಗೊತ್ತೇ ಆಗ್ತಿರಲಿಲ್ಲ. ಅದಕ್ಕೇ ಮೊದಲು ಒಂದು ಮಹಡಿಯಲ್ಲಿ ಮಾಡಿ, ಯಾವಾಗ ನಿಲ್ಲಿಸ್ತೀರಿ ಅನ್ನೋದನ್ನ ಮುಂಚೆಯೇ ಬರೆದಿಡಿ.

ಕೊನೆಗೆ ಆ ಅಪಾರ್ಟ್‌ಮೆಂಟ್‌ನಲ್ಲಿ ಆಗಿದ್ದಿಷ್ಟು: ಫೋಟೋ ಇಲ್ಲ, ಫ್ಲಾಟ್ ನಂಬರ್ ಇಲ್ಲ. ಮಹಡಿವಾರು ಲೆಕ್ಕ ಮಾತ್ರ ನೋಟಿಸ್ ಬೋರ್ಡ್‌ಗೆ. ತಕರಾರು ಇದ್ರೆ ಹೇಳೋಕೆ ಒಬ್ಬರ ಫೋನ್ ನಂಬರ್. ಇದು ನಿಧಾನ, ಒಪ್ತೀನಿ. ಆದ್ರೆ ಹೆದರಿ ಬದಲಾದೋರು ಕ್ಯಾಮೆರಾ ಇರೋವರೆಗೆ ಮಾತ್ರ ಬದಲಾಗಿರ್ತಾರೆ.

ನಿಮ್ಮ ಹಾಸ್ಟೆಲ್, ಆಫೀಸು, ಊರಲ್ಲಿ ಇಂಥದ್ದೇನಾದ್ರೂ ಶುರು ಮಾಡ್ತಿದ್ರೆ ಪೋಸ್ಟರ್ ಡಿಸೈನ್ ಆಮೇಲೆ ಮಾಡಿ. ಮೊದಲು ನೀವು ಬದಲಿಸಬೇಕು ಅಂದ್ಕೊಂಡಿರೋ ಹತ್ತು ಜನರ ಹತ್ರ ಕೂತು ಮಾತಾಡಿ. ಮುಂದಿನ ವಾರ ಸಿಗೋಣ.