ಗಡಿನಾಡಿನ ಕ್ರೈಸ್ತ ಸಭೆಗಳು

(ಆಕಾಶವಾಣಿ ಭಾಷಣ)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕೃಷ್ಣೆಯ ದಂಡೆಯ ಕಬ್ಬು, ನಿಪ್ಪಾಣಿಯ ತಂಬಾಕು, ಜೈನ ಬಸದಿಗಳು, ಅಥಣಿಯ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ. ಈ ಸೀಮೆಯಲ್ಲಿ ಕ್ರೈಸ್ತರೂ ಬಾಳುತ್ತಿದ್ದಾರೆಂಬುದು ಎಷ್ಟೋ ಜನರ ನೆನಪಿಗೇ ಬಾರದು. ಅವರ ಸಂಖ್ಯೆ ಅಲ್ಪ. ಅವರ ದೇವಾಲಯಗಳು ಚಿಕ್ಕವು. ಆದರೆ ಅವರ ಬದುಕು ನಮಗೆ ಕೇಳುವ ಪ್ರಶ್ನೆ ಚಿಕ್ಕದಲ್ಲ.

ಈ ಭಾಗಕ್ಕೆ ಕ್ರೈಸ್ತ ಮತದ ಗಾಳಿ ಎರಡು ದಿಕ್ಕಿನಿಂದ ಬೀಸಿತು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಆ ಮಿಷನ್ನಿನ ಕೆಲಸ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆಥೊಡಿಸ್ಟರ ಕೈಸೇರಿತು. ಉತ್ತರದ ಕೊಲ್ಹಾಪುರದಲ್ಲಿ ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ 1852ರಲ್ಲಿ ನೆಲೆಯೂರಿದರು. ಕೆಥೊಲಿಕರಿಗೆ ಬೆಳಗಾವಿಯಲ್ಲಿ ಪ್ರತ್ಯೇಕ ಧರ್ಮಪ್ರಾಂತ ದೊರೆತದ್ದು 1953ರಲ್ಲಿ. ಒಂದು ಕಡೆಯಿಂದ ಕನ್ನಡ, ಇನ್ನೊಂದು ಕಡೆಯಿಂದ ಮರಾಠಿ. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಗಡಿಯ ಕುರಿತು ಎಷ್ಟೆಲ್ಲ ಕಲಹಗಳಾದವು! ಪ್ರಾರ್ಥನೆ ಮಾತ್ರ ಎರಡೂ ನುಡಿಗಳಲ್ಲಿ ಸಾಗಿಯೇ ಬಂದಿದೆ.

ಕನ್ನಡದ ಪೂರ್ಣ ಬೈಬಲ್ಲು ಬಳ್ಳಾರಿಯ ಲಂಡನ್ ಮಿಷನ್ನಿನವರ ಶ್ರಮದಿಂದ 1831ರ ಹೊತ್ತಿಗೆ ಅಚ್ಚಾಯಿತು. ನಿಘಂಟಿನ ಕಿಟೆಲ್ಲರು 1862ರಲ್ಲಿ ‘ಕಥಾಮಾಲೆ’ಯೆಂಬ ಕಾವ್ಯದಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿದರು. ಪರದೇಶದಿಂದ ಬಂದ ಧರ್ಮವು ಇಲ್ಲಿಯ ಮಾತಿನ ಉಡುಗೆಯನ್ನು ತೊಟ್ಟಾಗಲೇ ಇಲ್ಲಿಯ ಎದೆಗೆ ತಾಕಿತು. ಅಂತಹ ಮಾತುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಸಭೆ’. ನಮ್ಮ ಹಳ್ಳಿಯ ಕ್ರೈಸ್ತರು ಆ ಮಾತನ್ನು ಕಟ್ಟಡಕ್ಕಿಂತ ಹೆಚ್ಚಾಗಿ ಕೂಡಿದ ಜನಕ್ಕೇ ಬಳಸುತ್ತಾರೆ. ಗೋಡೆ ಬಿದ್ದರೂ ಸಭೆ ಬೀಳುವುದಿಲ್ಲ.

ಅಥಣಿಯ ಕಡೆಯ ಒಂದು ಹಳ್ಳಿಯಲ್ಲಿ ನಾನು ಸುಗ್ಗಿಯ ಆರಾಧನೆಯನ್ನು ಕಂಡಿದ್ದೇನೆ. ಜೋಳದ ತೆನೆ, ಕಬ್ಬಿನ ಗಣಿಕೆ, ಸೋರೆಕಾಯಿ, ಕಾಲು ಕಟ್ಟಿದ ಒಂದು ಕೋಳಿ, ಎಲ್ಲವೂ ವೇದಿಕೆಯ ಮುಂದೆ. ಪ್ರಾರ್ಥನೆ ಮುಗಿದ ಮೇಲೆ ಲಿಲಾವು. ಒಬ್ಬ ಮುದುಕಿ ತಂದಿಟ್ಟ ನಾಲ್ಕು ಬದನೆಕಾಯಿಗಳನ್ನು ಜನ ಏರಿಸಿ ಏರಿಸಿ ಪೇಟೆಯ ಬೆಲೆಯ ಹತ್ತು ಪಟ್ಟಿಗೆ ಕೊಂಡರು. ಸವಾಲು ಹಿಡಿದವರಲ್ಲಿ ನೆರೆಯ ಲಿಂಗಾಯತ ರೈತರೊಬ್ಬರೂ ಇದ್ದರು. ಆ ಹಣ ಸಭೆಯ ಬಡ ಮಕ್ಕಳ ಪುಸ್ತಕಗಳಿಗೆ ಹೋಯಿತು. ಮುದುಕಿಯ ಮುಖದ ಮೇಲಿನ ಹಿಗ್ಗನ್ನು ನಾನು ಇಂದಿಗೂ ಮರೆತಿಲ್ಲ. ಕೊಡುವವರ ಸಾಲಿನಲ್ಲಿ ಆಕೆ ಅಂದು ಎಲ್ಲರಿಗೂ ಸಮಳಾಗಿ ನಿಂತಿದ್ದಳು.

ಈ ಸಮತೆಗಾಗಿಯೇ ಇವರ ಹಿರಿಯರಲ್ಲಿ ಅನೇಕರು ಈ ಮಾರ್ಗವನ್ನು ಹಿಡಿದರು. ಊರ ಬಾವಿಯನ್ನೂ ಗುಡಿಯ ಮೆಟ್ಟಿಲನ್ನೂ ಮುಟ್ಟಗೊಡದ ಕಾಲದಲ್ಲಿ ಒಂದೇ ಜಮಖಾನೆಯ ಮೇಲೆ ಕುಳಿತು ಹಾಡುವುದೆಂದರೆ ಸಣ್ಣ ಸಂಗತಿಯಾಗಿರಲಿಲ್ಲ. ಆದರೆ ಜಾತಿಯ ನೆರಳು ಅಷ್ಟು ಸುಲಭವಾಗಿ ಬಿಡುವಂಥದಲ್ಲ. ನನ್ನ ವಿದ್ಯಾರ್ಥಿಯೊಬ್ಬನನ್ನು ಅವನ ಮನೆಯ ಬಾಗಿಲಲ್ಲಿ ನಿಂತು ಹಾಜರಿ ಪುಸ್ತಕದ ಹೆಸರಿನಿಂದ ಕೂಗಿದೆ. ಅವನ ತಾಯಿ ಒಳಗಿನಿಂದ ಬೇರೆ ಹೆಸರು ಹಿಡಿದು ಕರೆದಳು. ಹುಡುಗ ತಲೆ ತಗ್ಗಿಸಿ ಹೇಳಿದ: “ಸರ್, ಕಾಗದದಾಗ ಒಂದ್ ಹೆಸರು, ಸಭೆಯೊಳಗ ಒಂದ್ ಹೆಸರು ಐತ್ರಿ.”

ಅವನನ್ನು ಕಪಟಿಯೆನ್ನಲು ನನ್ನ ನಾಲಗೆ ಏಳಲಿಲ್ಲ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸವಲತ್ತನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಮತ ಬದಲಾದರೆ ಅಸ್ಪೃಶ್ಯತೆಯ ಗಾಯವೂ ಮಾಯುವುದೆಂದು ಕಾಗದ ನಂಬುತ್ತದೆ, ಕೇರಿ ನಂಬುವುದಿಲ್ಲ. ಈ ಎರಡರ ನಡುವೆ ಹದಿನೆಂಟು ವರ್ಷದ ಹುಡುಗ ತನ್ನ ಹೆಸರನ್ನೇ ಬಚ್ಚಿಡಬೇಕು. ಕಾನೂನಿನ ವಾದಗಳು ಏನೇ ಇರಲಿ, ಆ ತಗ್ಗಿದ ತಲೆಗೆ ಉತ್ತರ ಕೊಡಬೇಕಾದವರು ನಾವು ಎಲ್ಲರೂ.

ಇದೇ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಪಾದ್ರಿಗಳು ತಮ್ಮ ನೆಲೆಯನ್ನು ವಿರಕ್ತಮಠವೆಂದು ಕರೆದಿದ್ದಾರೆ. ಕಾವಿಯುಟ್ಟು, ಸಸ್ಯಾಹಾರಿಗಳಾಗಿ, ‘ಸ್ವಾಮಿ’ಗಳೆನಿಸಿಕೊಂಡು ಬಾಳಿದ್ದಾರೆ. ಇದನ್ನು ಮೆಚ್ಚಿದವರಿದ್ದಾರೆ, ಸಂಶಯಪಟ್ಟವರೂ ಇದ್ದಾರೆ. ನನಗೆ ಅದರಲ್ಲಿ ಕಾಣುವುದು ಈ ಮಣ್ಣಿಗೆ ಸೇರಬೇಕೆಂಬ ಹಂಬಲ. ಆದರೆ ಮಣ್ಣಿಗೆ ಸೇರುವುದು ಒಬ್ಬರೇ ಮಾಡುವ ಕೆಲಸವಲ್ಲ. ಬರುವವನಿಗೆ ಹಂಬಲ ಬೇಕು; ಇದ್ದವನಿಗೆ ಮನೆಯ ಬಾಗಿಲು ತೆರೆಯುವ ಮನಸ್ಸು ಬೇಕು.

ಲಿಲಾವಿನಲ್ಲಿ ಸವಾಲು ಏರಿಸಿದ ಆ ರೈತರಿಗೆ ಆ ಮನಸ್ಸಿತ್ತು. ಬದನೆಕಾಯಿಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಳ್ಳುತ್ತ ಅವರು ಮುದುಕಿಗೆ ಅಂದರು: “ಮುಂದಿನ ವರ್ಷಾನೂ ತಾ ಯವ್ವಾ, ನಾನು ಬರ್ತೀನಿ.” ಆಕೆಯ ಹೆಸರು ಕಾಗದದಲ್ಲಿ ಏನಿತ್ತೆಂದು ಅವರು ಕೇಳಲಿಲ್ಲ.