ಮೊದಲು ಹೋದವರ ಜ್ವರ

(ಮೇಳಿಗೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ಕ್ಷೇತ್ರ ಕೃಷಿ ವಿಜ್ಞಾನ. ನಾನು ಕಾನೂನು ಓದಿದವರ ಪೈಕಿ ಅಲ್ಲ. ಆದರೂ ಇಂದು ಕಾನೂನಿನ ಒಂದು ಸಂಗತಿಯನ್ನು ತಮ್ಮ ಮುಂದಿಡಬೇಕಾಗಿದೆ. ಅದಕ್ಕೆ ಕಾರಣ ನಮ್ಮ ಕಾಡಿನದೇ ಒಂದು ಜ್ವರ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವನ್ನು ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಹೆಸರು ಮಂಗನದು, ಮನುಷ್ಯನಿಗೆ ದಾಟಿಸುವುದು ಉಣುಗು. ರೋಗ ತಗುಲಿದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ತಣ್ಣಗಾದ ದೇಹವನ್ನು ಬಿಟ್ಟು ತರಗೆಲೆಗೆ ಇಳಿಯುತ್ತವೆ. ಕೆಲವು ಕಾಲ ಆ ಜಾಗವೇ ರೋಗದ ನೆಲೆಯಾಗುತ್ತದೆ. ನಾವು ಸೊಪ್ಪಿನಬೆಟ್ಟಕ್ಕೆ ಹೆಚ್ಚು ಓಡಾಡುವ ಡಿಸೆಂಬರ್‌ನಿಂದ ಮೇ ತನಕದ ತಿಂಗಳುಗಳೇ ಅದರ ಕಾಲವೂ ಹೌದು.

ಮಂಗ ಸತ್ತ ಸುದ್ದಿ ಬಂದೊಡನೆ ನಮ್ಮ ಮಕ್ಕಳಿಗೆ ಆ ಕಡೆ ಹೋಗಬೇಡಿರೆಂದು ಹೇಳುತ್ತೇವೆ. ಆದರೆ ಅದೇ ಹೊತ್ತಿಗೆ ಅಲ್ಲಿಗೇ ಹೋಗಬೇಕಾದವರು ಕೆಲವರಿದ್ದಾರೆ. ಜಾಗ ಗುರುತಿಸಲು ಅರಣ್ಯ ವೀಕ್ಷಕರು, ಶವಪರೀಕ್ಷೆಗೆ ಪಶುವೈದ್ಯ ಸಿಬ್ಬಂದಿ, ದೇಹ ಸುಟ್ಟು ಸುತ್ತ ಕೀಟನಾಶಕದ ಪುಡಿ ಎರಚಲು ಕೂಲಿಯವರು, ಮನೆಮನೆಗೆ ತೈಲ ಹಂಚಿ ಜ್ವರ ವಿಚಾರಿಸಲು ಆಶಾ ಕಾರ್ಯಕರ್ತೆಯರು. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ನೀಡದೆ 2022ರ ಹೊತ್ತಿಗೆ ನಿಂತುಹೋಯಿತು. ಹೀಗಾಗಿ ಇವರಿಗೆ ಮೈಗೆ ಹಚ್ಚುವ ತೈಲ, ಮೈತುಂಬ ಬಟ್ಟೆ ಇವೇ ಕವಚ.

ನನ್ನ ಊರಿನ ಕಾವಲುಗಾರರೊಬ್ಬರು ಹೀಗೆ ಹೋಗಿ ಬಂದ ಆರನೆಯ ದಿನ ಜ್ವರದಿಂದ ಮಲಗಿದರು. ಬದುಕಿದರು, ಆದರೆ ಎರಡು ತಿಂಗಳು ಕತ್ತಿ ಹಿಡಿಯುವ ಶಕ್ತಿ ಬರಲಿಲ್ಲ. ಗುತ್ತಿಗೆಯ ಕೆಲಸವಾದ್ದರಿಂದ ಕೂಲಿಯೂ ಬರಲಿಲ್ಲ. ಊರವರು ಅಕ್ಕಿ ಕೊಟ್ಟೆವು, ಚಂದಾ ಎತ್ತಿದೆವು. ಅವರಿಗೆ ಸಲ್ಲಬೇಕಾದದ್ದು ನಮ್ಮ ದಯೆಯಲ್ಲ, ಹಕ್ಕಿನ ಹಣ ಎಂಬುದು ಅಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ವೃತ್ತಿಜನ್ಯ ರೋಗಗಳ ಪಟ್ಟಿಯಿದೆ. ಸೋಂಕು ತಗಲುವ ವಿಶೇಷ ಅಪಾಯವಿರುವ ಕೆಲಸಗಳಲ್ಲಿ ಬರುವ ಸಾಂಕ್ರಾಮಿಕ ರೋಗಗಳು ಅದರಲ್ಲಿ ಸೇರಿವೆ. ಆರೋಗ್ಯದ ಕೆಲಸ, ಪಶುವೈದ್ಯದ ಕೆಲಸ, ಪ್ರಾಣಿಗಳನ್ನೂ ಅವುಗಳ ಮೃತದೇಹಗಳನ್ನೂ ಮುಟ್ಟುವ ಕೆಲಸ ಎಂದು ಬಿಡಿಸಿಯೇ ಹೇಳಿದೆ. ಅಂಥ ಕೆಲಸದಲ್ಲಿದ್ದವರಿಗೆ ಅಂಥ ರೋಗ ಬಂದರೆ ಅದು ಕೆಲಸದಿಂದಲೇ ಬಂದುದೆಂದು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ಯಾವ ಉಣುಗು ಎಲ್ಲಿ ಕಚ್ಚಿತೆಂದು ರೋಗಿಯೇ ಸಾಬೀತು ಮಾಡಬೇಕಾಗಿಲ್ಲ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈ ತತ್ತ್ವ ಅದರಲ್ಲಿಯೂ ಉಳಿದಿದೆ. ತಾತ್ಕಾಲಿಕವಾಗಿ ದುಡಿಯಲಾಗದವರಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ವೇತನದ ನಾಲ್ಕನೆಯ ಒಂದು ಭಾಗ, ಜೊತೆಗೆ ಚಿಕಿತ್ಸೆಯ ವೆಚ್ಚ. ಮೃತರಾದರೆ ಅವಲಂಬಿತರಿಗೆ ಪರಿಹಾರ. ಗುತ್ತಿಗೆದಾರನ ಮೂಲಕ ದುಡಿದವರು ಆ ಕೆಲಸವನ್ನು ಮಾಡಿಸಿದ ಮೂಲ ಮಾಲೀಕನಿಂದಲೂ ಕೇಳಬಹುದು. ಆದರೆ ಎರಡು ವರ್ಷದೊಳಗೆ ಅರ್ಜಿ ಸಲ್ಲಬೇಕು.

ಇಷ್ಟಾದರೂ ಕೆಲವರು ಹೊಸಿಲಿನಾಚೆಯೇ ಉಳಿಯುತ್ತಾರೆ. ಆಶಾ ಕಾರ್ಯಕರ್ತೆಯನ್ನು ಸರ್ಕಾರ ನೌಕರಳೆಂದು ಕರೆಯುವುದಿಲ್ಲ, ಗೌರವಧನದ ಸ್ವಯಂಸೇವಕಿ ಎನ್ನುತ್ತದೆ. ಉಣುಗಿಗೆ ಈ ಭೇದ ತಿಳಿಯದು. 2020ರಲ್ಲಿ ಕೋವಿಡ್ ಬಂದಾಗ ಇದೇ ಸರ್ಕಾರ ಆಶಾ ಕಾರ್ಯಕರ್ತೆಯರನ್ನೂ ದಿನಗೂಲಿ ಮತ್ತು ಹೊರಗುತ್ತಿಗೆಯವರನ್ನೂ ಸೇರಿಸಿಯೇ 50 ಲಕ್ಷ ರೂಪಾಯಿಗಳ ವಿಮೆ ಘೋಷಿಸಿತು. ಅದು ಸಾವಿಗೆ ಮಾತ್ರ ಸಲ್ಲುವ ವಿಮೆಯಾಗಿತ್ತು, ನಿಜ. ಆದರೂ ಮನಸ್ಸಿದ್ದರೆ ನೌಕರ, ಸ್ವಯಂಸೇವಕ ಎಂಬ ಗೆರೆಯನ್ನು ದಾಟಬಹುದೆಂದು ಅದು ತೋರಿಸಿತು. ದೇಶವೆಲ್ಲ ಹೆದರಿದ ರೋಗಕ್ಕೆ ಸಾಧ್ಯವಾದದ್ದು ಮಲೆನಾಡು ಮಾತ್ರ ಹೆದರುವ ರೋಗಕ್ಕೆ ಏಕೆ ಸಾಧ್ಯವಿಲ್ಲ? ಈ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರಬೇಕು.

ಅದರ ಜೊತೆಗೆ ನಾವೇ ಮಾಡಬಹುದಾದ ಕೆಲಸವೂ ಉಂಟು. ಹಕ್ಕು ಹೆಚ್ಚಾಗಿ ಸೋಲುವುದು ಕಾಗದವಿಲ್ಲದೆ. ರೋಗ ಕೆಲಸದಿಂದ ಬಂತೆಂದು ಕಾನೂನು ಭಾವಿಸುತ್ತದೆ. ಆದರೆ ಆ ಕೆಲಸ ಮಾಡಿದ್ದಕ್ಕೆ ದಾಖಲೆ ಕೇಳುತ್ತದೆ. ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕವಿರಲಿ. ಮಂಗ ಸತ್ತ ಜಾಗ, ದಿನಾಂಕ, ಅಲ್ಲಿಗೆ ಹೋದ ಪ್ರತಿಯೊಬ್ಬರ ಹೆಸರು, ಕಳುಹಿಸಿದವರ ಸಹಿ ಅದೇ ದಿನ ಅದರಲ್ಲಿ ಸೇರಲಿ. ಜ್ವರ ಬಂದರೆ ಮೊದಲ ದಿನಗಳಲ್ಲಿಯೇ ರಕ್ತಪರೀಕ್ಷೆಯಾಗಲಿ. ವೈರಾಣು ರಕ್ತದಲ್ಲಿ ಚೆನ್ನಾಗಿ ಸಿಗುವುದು ಆಗಲೇ. ಆ ವರದಿಯ ಪ್ರತಿಯನ್ನು ರೋಗಿಯ ಮನೆಯವರು ಜೋಪಾನವಾಗಿಡಲಿ.

ವಿದ್ಯಾರ್ಥಿ ಮಿತ್ರರೆ, ಬರೆಯುವುದು, ಅರ್ಜಿ ಓದಿ ಹೇಳುವುದು ನಿಮ್ಮಿಂದ ಆಗುವ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಈ ಪುಸ್ತಕದ ಮಾತನ್ನು ನೀವೇ ಎತ್ತಿರಿ. ನಾವೆಲ್ಲ ದೂರ ಸರಿಯುವ ಜಾಗಕ್ಕೆ ನಮ್ಮ ಪರವಾಗಿ ನಡೆದುಹೋದವರ ಹೆಸರನ್ನು ಬರೆದಿಡುವುದು ನಮ್ಮ ಊರಿನ ಮೊದಲ ಋಣ.